ಆಫೀಸಿಗೆ ಹೋಗುವ ಸೈಕಲ್ ಎಲ್ಲಿ ಸಿಗುತ್ತದೆ?

"ಮಗಳಿಗಾ ಮೇಡಂ, ಮಗನಿಗಾ?"

ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರ ಸೈಕಲ್ ಅಂಗಡಿಯಲ್ಲಿ ನನ್ನನ್ನು ಎದುರುಗೊಂಡ ಮೊದಲ ಪ್ರಶ್ನೆ ಇದು. "ನನಗೇ, ಆಫೀಸಿಗೆ ಹೋಗಿಬರೋಕೆ" ಅಂದೆ. ಗಲ್ಲಾದಲ್ಲಿದ್ದ ಹಿರಿಯರು ಕನ್ನಡಕ ಹಣೆಗೇರಿಸಿ ನೋಡಿದರು. ಒಳಗೆ ಕೂತು ಚಕ್ರಕ್ಕೆ ಕಡ್ಡಿ ಹೆಣೆಯುತ್ತಿದ್ದ ಹುಡುಗನೂ ಕೈ ನಿಲ್ಲಿಸಿದ. "ಎಲ್ಲಿಂದ ಎಲ್ಲಿಗೆ?" ಎಂಬುದು ಹಿರಿಯರ ಎರಡನೆಯ ಪ್ರಶ್ನೆ. ಸೈಕಲ್ ಕೊಳ್ಳುವವರನ್ನು ಕೇಳಬೇಕಾದ ಪ್ರಶ್ನೆ ಅದೊಂದೇ. ಆಮೇಲೆ ನಾನು ಸುತ್ತಿದ ದೊಡ್ಡ ಶೋರೂಮುಗಳಲ್ಲಿ ಯಾರೂ ಅದನ್ನು ಕೇಳಲಿಲ್ಲ. ಅಲ್ಲಿ ಕೇಳುವುದು "ಬಜೆಟ್ ಎಷ್ಟು ಮೇಡಂ?"

ಹನುಮಂತನಗರದಿಂದ ವಸಂತನಗರಕ್ಕೆ ಅಂದೆ. ಹೆಚ್ಚೂಕಡಿಮೆ ಎಂಟು ಕಿಲೋಮೀಟರ್. ಹಿರಿಯರು ಮನಸ್ಸಿನಲ್ಲೇ ಆ ದಾರಿ ತುಳಿದು ನೋಡಿದರೇನೋ, "ಬರುವಾಗ ಸಲೀಸು, ಹೋಗುವಾಗ ಹೈಗ್ರೌಂಡ್ಸ್ ಹತ್ತಿರ ಉಸಿರು ಬಿಡಬೇಕು" ಅಂದರು.

ಬೆಂಗಳೂರು ಸಮತಟ್ಟಾದ ಊರು ಎನ್ನುವವರು ಕಾರಿನಲ್ಲಿ ಓಡಾಡುವವರು. ಸಮುದ್ರ ಮಟ್ಟದಿಂದ ಒಂಬೈನೂರು ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ಬೆನ್ನೆಲುಬು ಊರ ನಡುವೆಯೇ ಹಾದುಹೋಗಿದೆ. ಅದರ ಪಡುವಲಿಗೆ ಬಿದ್ದ ಮಳೆನೀರು ವೃಷಭಾವತಿಗೆ, ಮೂಡಲಿಗೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. ಆ ಇಳಿಜಾರುಗಳಿಗೆ ಅಡ್ಡಲಾಗಿ ಏರಿ ಕಟ್ಟಿ ಕೆರೆಗಳನ್ನು ಮಾಡಿದ್ದರು. ಕೆರೆಗಳು ಹೋದವು, ತಗ್ಗುಗಳು ಉಳಿದವು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್‌ನ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಮೈದಾನ. ಮೆಜೆಸ್ಟಿಕ್‌ನಿಂದ ಆನಂದರಾವ್ ಸರ್ಕಲ್ ಕಡೆಗೋ ಮಲ್ಲೇಶ್ವರದ ಕಡೆಗೋ ಸೈಕಲ್ ತುಳಿದವರಿಗೆ ಅಲ್ಲೊಂದು ಕೆರೆಯಿತ್ತು ಎಂದು ಯಾರೂ ಹೇಳಬೇಕಾಗಿಲ್ಲ, ತೊಡೆಗಳೇ ಹೇಳುತ್ತವೆ. ನಮ್ಮ ಮನೆಯಿಂದ ಹೊರಟರೂ ಅಷ್ಟೆ. ಒಂದು ಕಡೆ ಕೆಂಪಾಂಬುಧಿ ಕೆರೆಯ ತಗ್ಗು, ಇನ್ನೊಂದು ಕಡೆ ದೊಡ್ಡ ಬಸವಣ್ಣನ ಗುಡ್ಡ. ಸೈಕಲ್‌ಗೆ ಗೇರು ಬೇಕೋ ಬೇಡವೋ, ಬೇಕಾದರೆ ಎಂಥದ್ದು ಎಂಬುದನ್ನು ತೀರ್ಮಾನಿಸುವುದು ಜಾಹೀರಾತಲ್ಲ, ಈ ನೆಲ.

ಅಂಗಡಿಯ ಮುಂಭಾಗ ಪೂರ್ತಿ ಮಕ್ಕಳದು. ಗುಲಾಬಿ ಬಣ್ಣದ ಬುಟ್ಟಿ, ಹ್ಯಾಂಡಲ್ಲಿನ ತುದಿಗೆ ಜೋತಾಡುವ ಝರಿ, ಹಿಂದಿನ ಚಕ್ರಕ್ಕೆ ಎರಡು ಪುಟ್ಟ ಗಾಲಿ. ಸೂರಿನಿಂದ ಕಾಗದ ಸುತ್ತಿದ ಫ್ರೇಮುಗಳು ನೇತಾಡುತ್ತಿವೆ. ಇವನ್ನೆಲ್ಲ ದಾಟಿ, ಟ್ಯೂಬಿನ ಪೊಟ್ಟಣಗಳ ಗೋಡೆಗೆ ಒರಗಿ, ಕೊನೆಯಲ್ಲಿ ನಿಂತಿದ್ದು ಕರಿ ಸೈಕಲ್. 28 ಇಂಚಿನ ಚಕ್ರ, ಸರಳಿನ ಬ್ರೇಕು, ಎರಡು ಕಾಲಿನ ಸ್ಟ್ಯಾಂಡು, ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರು, ಅಗಲವಾದ ಮಡ್‌ಗಾರ್ಡು, ಗ್ಯಾಸ್ ಸಿಲಿಂಡರ್ ಹೊರಬಲ್ಲ ಕ್ಯಾರಿಯರ್, ಹಿಂದಿನ ಚಕ್ರಕ್ಕೆ ಬೀಗ, ಬೆಲ್ಲು. ಎಲ್ಲ ಸೇರಿ ಏಳೆಂಟು ಸಾವಿರದೊಳಗೆ.

"ಇದನ್ನ ಈಗ ಯಾರು ತಗೋತಾರೆ?" ಎಂದು ಕೇಳಿದೆ.

"ಕೆಲಸಕ್ಕೆ ಹೋಗೋರು ತಗೋತಾರೆ ಮೇಡಂ. ಗಾರೆ ಕೆಲಸದವರು, ವಾಚ್‌ಮನ್‌ಗಳು, ಪೇಪರ್ ಹಾಕೋರು. ಫ್ಲಾಸ್ಕ್ ಕಟ್ಕೊಂಡು ಟೀ ಮಾರ್ತಾರಲ್ಲ, ಅವರು."

ಅಂದರೆ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವುದು ಈ ಊರಿನಲ್ಲಿ ಎಂದೂ ನಿಂತಿರಲಿಲ್ಲ. ಕುರ್ಚಿ ಮೇಲೆ ಕೂತು ಕೆಲಸ ಮಾಡುವವರು ನಿಲ್ಲಿಸಿದ್ದರು, ಅಷ್ಟೆ. ಒಂದು ಕಾಲದಲ್ಲಿ ಸೆಕ್ರೆಟೇರಿಯಟ್‌ನ ಗುಮಾಸ್ತರೂ ಕಾಲೇಜು ಮೇಷ್ಟ್ರುಗಳೂ ಪ್ಯಾಂಟಿನ ಕಾಲಿಗೆ ಉಕ್ಕಿನ ಕ್ಲಿಪ್ಪು ಹಾಕಿಕೊಂಡು ಹೋಗುತ್ತಿದ್ದುದು ಇದೇ ಸೈಕಲ್‌ನಲ್ಲಿ. ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಆಗ ಇಂಗ್ಲೆಂಡಿನಿಂದ ಬರುತ್ತಿದ್ದ ರ‍್ಯಾಲಿ, ಹರ್ಕ್ಯುಲಿಸ್‌ಗಳ ಮಾದರಿಯನ್ನೇ ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿ ತಯಾರಿಸಿದರು. ಮದ್ರಾಸಿನ ಹತ್ತಿರದ ಅಂಬತ್ತೂರಿನಲ್ಲಿ 1949ರಲ್ಲಿ ಟಿಐ, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ. ಲಾಕ್‌ಡೌನಿನ ದೆಸೆಯಿಂದ ಪೇಟೆಯಲ್ಲಿ ಸೈಕಲ್‌ಗೆ ಬೇಡಿಕೆ ಏರತೊಡಗಿದ್ದ ಕಾಲವೂ ಅದೇ.

ಕರಿ ಸೈಕಲ್ ನನಗೆ ಆಗಲಿಲ್ಲ. ಒಂದನೆಯದಾಗಿ ಎತ್ತರ. ಫ್ರೇಮಿನ ಅಡ್ಡ ಕೊಳವೆಯ ಮೇಲೆ ಎರಡೂ ಕಾಲು ಇಳಿಬಿಟ್ಟು ನಿಂತರೆ ಕೊಳವೆಗೂ ಮೈಗೂ ಮಧ್ಯೆ ಎರಡು ಬೆರಳಾದರೂ ಜಾಗ ಇರಬೇಕು. ನನ್ನ ಐದಡಿ ಎರಡಿಂಚಿಗೆ ಅದು ಒದಗಲಿಲ್ಲ. ಎರಡನೆಯದಾಗಿ ತೂಕ, ಇಪ್ಪತ್ತು ಕಿಲೋ ಮೇಲೆ. ಮೂರನೆಯದು ಬ್ರೇಕು. ಪಾಲಿಶ್ ಹೊಡೆದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರು ಅದರ ಮೇಲೆ ಜಾರುತ್ತದೆ. ಆಗ ಕಾಲು ನೆಲಕ್ಕೆ ಉಜ್ಜಿಯೇ ನಿಲ್ಲಿಸಬೇಕು. ಬೆಂಗಳೂರಿನ ಮಳೆ ಬರುವುದು ಸಾಯಂಕಾಲ, ಸರಿಯಾಗಿ ಆಫೀಸು ಬಿಡುವ ಹೊತ್ತಿಗೆ.

ನಾಲ್ಕನೆಯದು ಗೇರು. ಈ ಸೈಕಲ್‌ನ ಮುಂದಿನ ಚೈನ್‌ವೀಲ್‌ಗೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎರಡೂವರೆ ಸುತ್ತಿಗೆ ತುಸು ಕಡಿಮೆ ತಿರುಗಿ, ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಸಪಾಟು ದಾರಿಗೆ ಇದು ಹದವಾದ ಲೆಕ್ಕ. ಏರಿನಲ್ಲೂ ಅದೇ 5.4 ಮೀಟರನ್ನು ಒಂದೇ ಸುತ್ತಿಗೆ ಎಳೆಯಬೇಕು ಎನ್ನುವುದೇ ಕಷ್ಟ. ಪಕ್ಕದಲ್ಲಿ ಅಡ್ಡ ಕೊಳವೆಯಿಲ್ಲದ ಲೇಡೀಸ್ ಸೈಕಲ್ ಇತ್ತು. ಬುಟ್ಟಿ, ಚೈನ್ ಕವರು, ಕ್ಯಾರಿಯರ್ ಎಲ್ಲ ಸರಿ. ಹತ್ತಿ ಇಳಿಯುವುದೂ ಸುಲಭ. 2006-07ರಲ್ಲಿ ಶುರುವಾದ ಎಂಟನೇ ತರಗತಿ ಮಕ್ಕಳ ಉಚಿತ ಸೈಕಲ್ ಯೋಜನೆಯಿಂದ ಹಳ್ಳಿಗಳ ದಾರಿ ತುಂಬ ಕಾಣಿಸಿಕೊಂಡದ್ದು ಈ ಜಾತಿಯೇ. ಆಗ ಅದನ್ನು ತುಳಿದ ಹುಡುಗಿಯರು ಈಗ ಮೂವತ್ತರ ಆಚೀಚೆ ಇದ್ದಾರೆ, ಬಹಳ ಮಂದಿ ಇದೇ ಊರಿನಲ್ಲಿ ಕೆಲಸದಲ್ಲಿದ್ದಾರೆ. ಅವರ ಅಳತೆಗೆ, ಗೇರು ಕೂಡಿಸಿ, ಅಂಥದೇ ಒಂದು ಸೈಕಲನ್ನು ನಮ್ಮ ಕಂಪನಿಗಳು ಯಾಕೆ ಮುಂದಿಟ್ಟು ಮಾರುವುದಿಲ್ಲವೋ ಕಾಣೆ. ಅಂಗಡಿಯಲ್ಲಿ ಇದ್ದದ್ದು ಒಂಟಿ ಗೇರಿನದು, ಶಾಲೆಯ ಹುಡುಗಿಯರ ಅಳತೆಯದು.

"ನಿಮಗೆ ಬೇಕಾಗಿರೋದು ಇಲ್ಲಿಲ್ಲ ಮೇಡಂ. ಆದ್ರೆ ಇದರಲ್ಲಿರೋ ಸಾಮಾನು ಮಾತ್ರ ಬಿಡಬೇಡಿ, ಎಲ್ಲೇ ತಗೊಳ್ಳಿ" ಅಂದರು ಹಿರಿಯರು, ಕ್ಯಾರಿಯರ್ ಮೇಲೆ ಕೈಯಿಟ್ಟು.

ಅಲ್ಲಿಂದ ಊರಿನ ಅಂಚಿನ ದೊಡ್ಡ ಕ್ರೀಡಾ ಮಳಿಗೆಗೆ. ಸೈಕಲ್ ವಿಭಾಗವೇ ಒಂದು ಕಲ್ಯಾಣ ಮಂಟಪದಷ್ಟು. ದೀಪದ ಬೆಳಕಿನಲ್ಲಿ ಸಾಲಾಗಿ ನಿಂತ ಸೈಕಲ್‌ಗಳಿಗೆ ಬೆಟ್ಟ, ಮರುಭೂಮಿ, ಚಂಡಮಾರುತಗಳ ಹೆಸರು. ಮೊದಲ ಸಾಲಿನಲ್ಲಿ ನಾಲ್ಕಿಂಚು ಅಗಲದ ಟೈರಿನವು. ಮರಳಿಗೂ ಹಿಮಕ್ಕೂ ಮಾಡಿದ ಈ ಟೈರು ಜೆ.ಸಿ. ರಸ್ತೆಯ ಡಾಂಬರಿಗೆ ಅಂಟಿಕೊಂಡೇ ಹೊರಳುತ್ತದೆ. ನೋಡುವುದಕ್ಕೆ ಗಂಭೀರ, ತುಳಿಯುವುದಕ್ಕೆ ಶಿಕ್ಷೆ. ಎರಡನೆಯ ಸಾಲು ಮೌಂಟನ್ ಬೈಕುಗಳದು: ಮುಂದೆ ಸ್ಪ್ರಿಂಗಿನ ಫೋರ್ಕು, ಗಂಟುಗಂಟಾದ ಟೈರು, ಡಿಸ್ಕ್ ಬ್ರೇಕು. ನಮ್ಮ ಊರಿನಲ್ಲಿ ಅತಿ ಹೆಚ್ಚು ಮನಸೆಳೆಯುವುದೂ, ಆಫೀಸಿಗೆ ಅತಿ ಕಡಿಮೆ ಒದಗುವುದೂ ಇದೇ ಎಂದು ನನ್ನ ತೀರ್ಮಾನ.

"ಗುಂಡಿ ರಸ್ತೆ ಅಲ್ವಾ ಮೇಡಂ, ಸಸ್ಪೆನ್ಷನ್ ಬೇಕೇ ಬೇಕು" ಎಂದ ಮಾರಾಟದ ಹುಡುಗ. ವಾದ ಕೇಳಲು ಸರಿಯಾಗಿಯೇ ಇದೆ. ಆದರೆ ಹದಿನೈದು ಸಾವಿರದ ಸೈಕಲ್‌ನ ಸ್ಪ್ರಿಂಗ್ ಫೋರ್ಕು ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ಏರಿನಲ್ಲಿ ಎದ್ದುನಿಂತು ತುಳಿದರೆ ಕಾಲಿನ ಬಲದಲ್ಲಿ ಒಂದು ಪಾಲನ್ನು ಅದು ಕುಗ್ಗಿ ಹಿಗ್ಗಿ ತಿಂದುಹಾಕುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಒಳಗೆ ತುಕ್ಕು ಹಿಡಿದು ಗಟ್ಟಿಯಾದರೆ ಆ ಎರಡು ಕಿಲೋ ಸುಮ್ಮನೆ ಹೊರೆ. ಸಣ್ಣ ಗುಂಡಿಗಳಿಗೆ ಅದಕ್ಕಿಂತ ಒಳ್ಳೆಯ ಮದ್ದು ಟೈರಿನೊಳಗಿನ ಗಾಳಿ. 35ರಿಂದ 40 ಮಿಲಿಮೀಟರ್ ಅಗಲದ ನಯವಾದ ಟೈರಿಗೆ ಕಲ್ಲಿನಂತೆ ಬಿಗಿಯದೆ ಐವತ್ತರ ಆಸುಪಾಸಿನ ಒತ್ತಡದಲ್ಲಿ ಗಾಳಿ ಹಿಡಿಸಿದರೆ ಕೈಗೂ ಬೆನ್ನಿಗೂ ಹಿತ, ತುಳಿಯಲೂ ಹಗುರ. ದೊಡ್ಡ ಗುಂಡಿಗೆ ಯಾವ ಫೋರ್ಕೂ ಸಾಲದು. ಅಲ್ಲಿ ಸುತ್ತು ಹಾಕಿ ಹೋಗಬೇಕು.

ಇನ್ನು 21 ಗೇರಿನ ಜಂಭ. ಮುಂದೆ ಮೂರು, ಹಿಂದೆ ಏಳು, ಗುಣಿಸಿದರೆ ಇಪ್ಪತ್ತೊಂದು. ಇವುಗಳಲ್ಲಿ ಬಹಳಷ್ಟು ಒಂದಕ್ಕೊಂದು ಸಮೀಪದವೇ. ಕೆಲವನ್ನು ಬಳಸಿದರೆ ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ. ನನ್ನ ದಾರಿಗೆ ಮುಂದೆ ಒಂದು, ಹಿಂದೆ ಏಳು ಧಾರಾಳ. ಮುಂದೆ 38 ಹಲ್ಲು, ಹಿಂದೆ 14ರಿಂದ 34ರವರೆಗೆ ಎಂದಿಟ್ಟುಕೊಳ್ಳಿ. ಚಿಕ್ಕ ಗೇರಿಗೆ ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಹೋಗುವುದು ಹತ್ತಿರ ಹತ್ತಿರ ಎರಡೂವರೆ ಮೀಟರ್, ಅಂದರೆ ಕರಿ ಸೈಕಲ್‌ನ ಅರ್ಧಕ್ಕೂ ಕಡಿಮೆ. ಹೈಗ್ರೌಂಡ್ಸ್‌ನ ಏರನ್ನು ಕೂತುಕೊಂಡೇ ಹತ್ತಬಹುದು. ಇಳಿಜಾರಿನಲ್ಲಿ ದೊಡ್ಡ ಗೇರಿಗೆ ಬಂದರೆ ಆರು ಮೀಟರಿಗೆ ಸಮೀಪ. ಇದಕ್ಕಿಂತ ವೇಗ ಹಡ್ಸನ್ ಸರ್ಕಲಿನಲ್ಲಿ ಯಾರಿಗೆ ಬೇಕು, ಅಲ್ಲಿ ಹೋಗಿ ನಿಲ್ಲುವುದು ಸಿಗ್ನಲ್ಲಿಗೆ.

ಮೂರನೆಯ ಸಾಲಿನಲ್ಲಿ ಹೈಬ್ರಿಡ್. ನೇರ ಹ್ಯಾಂಡಲ್ಲು, ಗಟ್ಟಿ ಫೋರ್ಕು, 700ಸಿ ಚಕ್ರ. ತೂಕ ಹದಿಮೂರು ಹದಿನಾಲ್ಕು ಕಿಲೋ. ಹದಿನೈದು ಸಾವಿರದಿಂದ ಮೂವತ್ತರವರೆಗೆ. ನಮ್ಮ ದಾರಿಗೆ ಹತ್ತಿರದ್ದು ಇದೇ ಅನ್ನಿಸಿತು. ಆದರೆ ಮೈಮೇಲೆ ಏನೂ ಇಲ್ಲ.

"ಮಡ್‌ಗಾರ್ಡ್?"

"ಅದು ಆಕ್ಸೆಸರಿ ಮೇಡಂ."

"ಕ್ಯಾರಿಯರ್, ಸ್ಟ್ಯಾಂಡ್?"

"ಅದೂ ಆಕ್ಸೆಸರಿ."

"ಬೆಲ್ಲು?"

ಹುಡುಗ ನಕ್ಕ. ಅವನ ತಪ್ಪಲ್ಲ. ಮಡ್‌ಗಾರ್ಡ್ ಇಲ್ಲದೆ ಮಳೆ ನಿಂತ ರಸ್ತೆಯಲ್ಲಿ ಹೋದರೆ ಹಿಂದಿನ ಚಕ್ರ ಎತ್ತಿ ಎರಚುವ ಕೆಸರು ಬೆನ್ನ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತದೆ. ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗಿ ಬರುವವರಿಗೆ ಆ ಗೆರೆ ಒಂದು ಗೌರವ. ಹತ್ತು ಗಂಟೆಯ ಮೀಟಿಂಗಿಗೆ ಹೋಗುವವರಿಗೆ? ಕ್ಯಾರಿಯರ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಚೀಲ ಬೆನ್ನಿಗೇರಬೇಕು. ಎಂಟು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಅಂಗಿಯ ಬೆನ್ನೆಲ್ಲ ಒದ್ದೆ. ಚೈನ್ ಕವರು ಇಲ್ಲದಿದ್ದರೆ ಚೂಡಿದಾರದ ಅಂಚು, ಪ್ಯಾಂಟಿನ ತುದಿ ಎಣ್ಣೆಮಸಿ. ದುಪ್ಪಟ್ಟದ ಮಾತು ಹೆಂಗಸರಿಗೆ ಹೇಳಬೇಕಿಲ್ಲ. ಸೈಕಲ್‌ನಲ್ಲೇ ಆಫೀಸಿಗೆ ಹೋಗುವವರು ತುಂಬಿರುವ ನೆದರ್ಲೆಂಡ್ಸ್‌ನಲ್ಲಿ ದಿನಬಳಕೆಯ ಸೈಕಲ್ ಇವತ್ತಿಗೂ ಮಡ್‌ಗಾರ್ಡು, ಕ್ಯಾರಿಯರ್, ಚೈನ್ ಕವರು, ದೀಪ, ಬೀಗಗಳ ಸಮೇತವೇ ಅಂಗಡಿಯಿಂದ ಹೊರಬರುತ್ತದೆ. ಮಾರ್ಕೆಟ್ ಗಲ್ಲಿಯ ಕರಿ ಸೈಕಲ್‌ಗೂ ಅದಕ್ಕೂ ಒಂದೇ ವಂಶದ ಚಹರೆ. ನಡುವೆ ನಮ್ಮ ಶೋರೂಮುಗಳು ಸೈಕಲನ್ನು ಕಸರತ್ತಿನ ಸಾಮಾನು ಎಂದು ತಿಳಿದು, ದುಡಿಮೆಯ ಭಾಗಗಳನ್ನೆಲ್ಲ ಕಳಚಿ, ಬೇರೆ ಬೆಲೆಪಟ್ಟಿ ಹಚ್ಚಿಬಿಟ್ಟಿವೆ. 2020ರಲ್ಲಿ ಮುಗಿಬಿದ್ದು ಕೊಂಡ ಸೈಕಲ್‌ಗಳನ್ನು ಈಗ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಹೋಗಿ ನೋಡಿ, ಗಾಳಿ ಇಳಿದು ದೂಳು ಹಿಡಿದು ನಿಂತಿವೆ. ಕಸರತ್ತಿಗೆ ಕೊಂಡದ್ದು ಕಸರತ್ತಿನ ಹುಮ್ಮಸ್ಸು ಇರುವಷ್ಟು ದಿನ ಓಡುತ್ತದೆ. ಅವುಗಳಲ್ಲಿ ಅಳತೆ ಹೊಂದುವ ಒಂದು ಸಿಕ್ಕಿದರೆ ಅರ್ಧ ಬೆಲೆಗೆ ಕೊಳ್ಳುವುದೂ ಜಾಣತನವೇ. ನನ್ನ ಅಳತೆಯದು ಸಿಗಲಿಲ್ಲ.

ಆಕ್ಸೆಸರಿ ಆಮೇಲೆ ಹಾಕಿಸಿಕೊಳ್ಳೋಣ ಎನ್ನುವವರು ಒಂದು ವಿಷಯ ಬಗ್ಗಿ ನೋಡಬೇಕು. ಹಿಂದಿನ ಚಕ್ರದ ಅಚ್ಚಿನ ಪಕ್ಕ ಫ್ರೇಮಿನಲ್ಲಿ ತಿರುಪು ಕೂರುವ ಸಣ್ಣ ತೂತುಗಳಿವೆಯೇ, ಸೀಟಿನ ಕೆಳಗಿನ ಕೊಳವೆಗಳಲ್ಲೂ ಅಂಥವೇ ಎರಡು ಇವೆಯೇ ಅಂತ. ಇದ್ದರೆ ಕ್ಯಾರಿಯರ್ ಗಟ್ಟಿಯಾಗಿ ಕೂರುತ್ತದೆ. ಇಲ್ಲದಿದ್ದರೆ ಸೀಟಿನ ಕಂಬಕ್ಕೆ ಕಚ್ಚಿಸುವ ಅರೆಬರೆ ಕ್ಯಾರಿಯರೇ ಗತಿ. ಅದರ ಮೇಲೆ ತೂಕ ಇಟ್ಟರೆ ಆಚೀಚೆ ವಾಲುತ್ತದೆ. ಕೆಲವು ಡಿಸ್ಕ್ ಬ್ರೇಕಿನ ಸೈಕಲ್‌ಗಳಲ್ಲಿ ತೂತು ಇದ್ದರೂ ಬ್ರೇಕಿನ ಗಡ್ಡೆ ಕ್ಯಾರಿಯರಿನ ಕಾಲಿಗೆ ಅಡ್ಡ ಬರುತ್ತದೆ. ಆ ದೊಡ್ಡ ಮಳಿಗೆಯಲ್ಲಿ ನಾನು ನೆಲಕ್ಕೆ ಕೂತು ಒಂದೊಂದೇ ಸೈಕಲ್‌ನ ತೂತು ನೋಡುತ್ತಿದ್ದರೆ ಪಕ್ಕದ ದಂಪತಿ ಏನೋ ಕಳೆದುಕೊಂಡಿದ್ದಾರೆ ಎಂದು ತಾವೂ ಹುಡುಕತೊಡಗಿದರು.

ಬ್ಯಾಟರಿ ಸೈಕಲನ್ನೂ ಓಡಿಸಿ ನೋಡಿದೆ. 250 ವಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮೀರದ ವೇಗ, ನಿಯಮ ಹೇಳಿದ ತೂಕದ ಮಿತಿ ಇದ್ದರೆ ಅದು ಕಾನೂನಿನ ಪ್ರಕಾರ ಮೋಟಾರು ವಾಹನವಲ್ಲ. ಲೈಸೆನ್ಸು ಬೇಡ, ನೋಂದಣಿ ಬೇಡ. ಏರಿನಲ್ಲಿ ಯಾರೋ ಹಿಂದಿನಿಂದ ತಳ್ಳಿಕೊಟ್ಟ ಹಾಗೆ. ಹದಿನೈದು ಕಿಲೋಮೀಟರ್ ದೂರದವರಿಗೆ, ಮಂಡಿನೋವಿನವರಿಗೆ ಇದನ್ನೇ ಹೇಳುತ್ತೇನೆ. ಬ್ಯಾಟರಿ ಕಳಚಿ ಒಯ್ಯುವಂತಿರಬೇಕು, ಇಲ್ಲವಾದರೆ ನೆಲಮಾಳಿಗೆಯಲ್ಲಿ ಪ್ಲಗ್ಗಿಗಾಗಿ ಕಾವಲುಗಾರನ ಮರ್ಜಿ ಕಾಯಬೇಕು. ನನಗೆ ದೂರ ಅಷ್ಟಿಲ್ಲ, ಮನೆಯ ಮೆಟ್ಟಿಲ ಮೇಲೆ ಅಷ್ಟು ತೂಕ ಎತ್ತುವ ಆಸೆಯೂ ಇಲ್ಲ. ಮಡಿಸುವ ಸೈಕಲ್ ಇನ್ನೊಂದು ದಾರಿ. ಅಳತೆ ತೂಕದ ಮಿತಿಯೊಳಗಿದ್ದರೆ ಮಡಿಸಿ ನಮ್ಮ ಮೆಟ್ರೊದಲ್ಲಿ ಒಯ್ಯಬಹುದು. ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ತುಳಿದು, ಆಮೇಲೆ ರೈಲು, ಇಳಿದ ಮೇಲೆ ಮತ್ತೆ ತುಳಿತ. ಒಳ್ಳೆಯದೇ, ಆದರೆ ಅಗ್ಗದ ಮಡಿಸುವ ಸೈಕಲ್ ಮಡಿಸಿದ ಮೇಲೂ ಗಾತ್ರ ಬಿಡುವುದಿಲ್ಲ, ಕೈಚೀಲದ ಹಾಗೆ ಕೂರುವ ವಿಲಾಯತಿ ಸೈಕಲ್‌ಗೆ ಲಕ್ಷದ ಮೇಲೆ.

ಕೊಳ್ಳುವ ಮುಂಚೆ ಆಫೀಸಿನ ನೆಲಮಾಳಿಗೆಯನ್ನೂ ಒಮ್ಮೆ ಸೈಕಲ್ ಸವಾರರ ಕಣ್ಣಿನಿಂದ ನೋಡಿಬಂದೆ. ಕಾರುಗಳಿಗೆ ನಂಬರ್ ಬರೆದ ಚೌಕಗಳಿವೆ, ಬೈಕುಗಳಿಗೆ ಹಳದಿ ಗೆರೆ. ಸೈಕಲ್ ಎಂದಾಗ ಕಾವಲಿನವರು ಸ್ವಲ್ಪ ಯೋಚಿಸಿ ಜನರೇಟರ್ ಪಕ್ಕದ ಮೂಲೆ ತೋರಿಸಿದರು. "ಅಲ್ಲಿ ನಿಲ್ಲಿಸ್ಕೊಳ್ಳಿ ಮೇಡಂ, ಪೈಪ್ ಇದೆ, ಕಟ್ಟಬಹುದು." ನಿಜಕ್ಕೂ ಒಳ್ಳೆಯ ಮೂಲೆ. ಗೋಡೆಗೆ ಬಿಗಿದ ಕಬ್ಬಿಣದ ಪೈಪು, ಮೇಲೆ ಕ್ಯಾಮೆರಾ. ತೆಳು ತಂತಿಯ ನಂಬರ್ ಬೀಗ ಕಟಿಂಗ್ ಪ್ಲೇಯರ್‌ಗೆ ಒಂದು ನಿಮಿಷದ ಕೆಲಸ. ಯು ಆಕಾರದ ಉಕ್ಕಿನ ಬೀಗವೇ ಬೇಕು, ಅದನ್ನು ಚಕ್ರಕ್ಕಷ್ಟೇ ಅಲ್ಲದೆ ಫ್ರೇಮಿಗೂ ಸೇರಿಸಿ ಪೈಪಿಗೆ ಹಾಕಬೇಕು. ಸನ್ನೆ ಎಳೆದರೆ ಕಳಚಿಬರುವ ಕ್ವಿಕ್ ರಿಲೀಸ್ ಚಕ್ರ ರೇಸಿನವರಿಗೆ ವರ. ದಿನವಿಡೀ ನೆಲಮಾಳಿಗೆಯಲ್ಲಿ ನಿಲ್ಲಿಸುವವರು ಅದರ ಜಾಗಕ್ಕೆ ನಟ್ಟು ಹಾಕಿಸಿಕೊಳ್ಳುವುದು ಕ್ಷೇಮ. ಇಳಿಜಾರಿನ ರ‍್ಯಾಂಪಿನಲ್ಲಿ ನೀರು ನಿಂತಿತ್ತು. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೆ. ಒದ್ದೆ ರ‍್ಯಾಂಪ್ ಇಳಿಯುವಾಗ ನಡೆಸಿಕೊಂಡೇ ಹೋಗುವುದು.

ಕೊನೆಯ ಸಲಹೆ ಕೇಳಿದ್ದು ನಮ್ಮ ಬೀದಿ ತಿರುವಿನ ಪಂಚರ್ ಅಂಗಡಿಯವರನ್ನು. ಮರದ ಕೆಳಗೆ ಒಂದು ಕಂಪ್ರೆಸರ್, ನೀರಿನ ಬೋಗುಣಿ, ಕೊಂಬೆಗೆ ನೇತುಹಾಕಿದ ಟೈರು. ಅವರಿಗೆ ಕಂಪನಿ, ಬಣ್ಣ, ಬೆಲೆ ಯಾವುದೂ ಬೇಕಿರಲಿಲ್ಲ.

"ಟೈರ್ ಮೇಲೆ ಏನು ನಂಬರ್ ಬರ್ದಿದೆ ಅಮ್ಮ?"

ಟೈರಿನ ಬದಿಯಲ್ಲಿ 38-622 ಎಂಬಂಥ ಸಂಖ್ಯೆ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಕರಿ ಸೈಕಲ್‌ನದು 635, ಹೈಬ್ರಿಡ್‌ನದು 622. ಇಂಚಿನ ಲೆಕ್ಕದಲ್ಲಿ ಎರಡನ್ನೂ 28 ಎಂದೇ ಕರೆದರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಮೌಂಟನ್ ಬೈಕಿನ 29 ಎನ್ನುವುದೂ ಇದೇ 622. ಹಳೆಯ 26 ಇಂಚಿನ ಟ್ಯೂಬು ಯಾವ ಮೂಲೆಯಲ್ಲೂ ಸಿಗುತ್ತದೆ. 622ರ ಟ್ಯೂಬನ್ನು ಒಂದು ನಾನೇ ಕೊಂಡು ಸೀಟಿನ ಕೆಳಗೆ ಇಟ್ಟಿರಬೇಕು ಎಂದರು. ಆಮೇಲೆ ವಾಲ್ವಿನ ಮಾತು. ರೇಸ್ ಸೈಕಲ್‌ಗಳ ಟ್ಯೂಬಿಗೆ ಇರುವ ಸಪೂರ ವಾಲ್ವಿಗೆ ಅವರ ಪಂಪು ಕಚ್ಚುವುದಿಲ್ಲ. ಸ್ಕೂಟರಿಗೆ, ಕಾರಿಗೆ ಇರುವಂಥ ದಪ್ಪ ವಾಲ್ವಾದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಸಪೂರದ್ದೇ ಬಂದರೆ ಹಿತ್ತಾಳೆಯದೊಂದು ಚಿಕ್ಕ ಅಡಾಪ್ಟರ್ ಕೀಗೊಂಚಲಲ್ಲಿ ಸೇರಿಸಿಟ್ಟರಾಯಿತು.

"ಬ್ರೇಕು?" ಎಂದು ಕೇಳಿದೆ. ಡಿಸ್ಕ್ ಬ್ರೇಕು ಮಳೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಗ್ಗದ ಸೈಕಲ್‌ಗೆ ಹಾಕುವ ಅಗ್ಗದ ಡಿಸ್ಕು ಸ್ವಲ್ಪ ಬೆಂಡಾದರೂ ಚಕ್ರ ಸುತ್ತುವಾಗಲೆಲ್ಲ ಉಜ್ಜುತ್ತಿರುತ್ತದೆ, ಪ್ಯಾಡು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. "ನಮ್ ಹತ್ರ ಬರೋದಾದ್ರೆ ರಬ್ಬರ್ ಬ್ರೇಕೇ ಇರ್ಲಿ. ನಿಮ್ ಕಣ್ಣೆದುರಿಗೇ ಐದು ನಿಮಿಷದಲ್ಲಿ ಹಾಕ್ಕೊಡ್ತೀನಿ." ಅಲ್ಯೂಮಿನಿಯಂ ರಿಮ್ಮಿನ ಮೇಲೆ ವಿ-ಬ್ರೇಕಿನ ರಬ್ಬರು ಒದ್ದೆಯಲ್ಲೂ ಕರಿ ಸೈಕಲ್‌ನ ಉಕ್ಕಿಗಿಂತ ಎಷ್ಟೋ ಮೇಲು. ದಿನಾ ಓಡಿಸುವವರಿಗೆ ಕೈಗೆಟುಕುವ ರಿಪೇರಿ ಮುಖ್ಯ ಎಂಬುದಕ್ಕೆ ನನ್ನ ಮತ.

ಹೀಗೆ ಬೇಕು ಬೇಡಗಳು ಗಟ್ಟಿಯಾದ ಮೇಲೆ ಕೊಂಡದ್ದು ಬನಶಂಕರಿ ಕಡೆಯ ಒಂದು ಮಧ್ಯಮ ಅಂಗಡಿಯಲ್ಲಿ. ಅಲ್ಲಿ ಬೀದಿಗೆ ಬಿಟ್ಟು ಓಡಿಸಿ ನೋಡಲು ಕೊಟ್ಟರು ಎಂಬುದು ಒಂದು ಕಾರಣ. ಮಳಿಗೆಯೊಳಗಿನ ನುಣುಪು ನೆಲದ ಮೇಲೆ ಎಲ್ಲ ಸೈಕಲ್ಲೂ ಚೆನ್ನ. ಒಂದು ಏರು, ಒಂದು ಹಂಪು, ಒಂದು ತುಂಡು ಕಿತ್ತ ರಸ್ತೆ ಸಿಕ್ಕಿದರೆ ಸೈಕಲ್‌ನ ಗುಣ ಗೊತ್ತಾಗುತ್ತದೆ. ಸೀಟಿನ ಎತ್ತರವನ್ನು ಅಂಗಡಿಯ ಹುಡುಗ ಅಲ್ಲೇ ಹೊಂದಿಸಿದ. ಸೀಟಿನ ಮೇಲೆ ಕೂತು, ಪೆಡಲ್ ಕೆಳಗಿನ ತುದಿಯಲ್ಲಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುವುದರಿಂದ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ. ನಮ್ಮವರು ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ತಗ್ಗಿಸಿ ಓಡಿಸುತ್ತಾರೆ, ಆಮೇಲೆ ಮಂಡಿ ನೋವು ಎಂದು ಸೈಕಲನ್ನು ಬೈಯುತ್ತಾರೆ.

ಚಿಕ್ಕ ಅಳತೆಯ ಫ್ರೇಮು, ಗಟ್ಟಿ ಫೋರ್ಕು, ಮುಂದೆ ಒಂದು ಹಿಂದೆ ಏಳು, ವಿ-ಬ್ರೇಕು, 38ರ ಟೈರು, ಹಿಂದೆ ನಾಲ್ಕೂ ತೂತು. ಹದಿನೆಂಟು ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದರಿಂದ ಸ್ವಲ್ಪ ಉಳಿಯಿತು, ಉಳಿದದ್ದೆಲ್ಲ ಆಕ್ಸೆಸರಿಗೆ ಹೋಯಿತು. ಎರಡೂ ಚಕ್ರಕ್ಕೆ ಪೂರ್ತಿ ಉದ್ದದ ಮಡ್‌ಗಾರ್ಡು, ಕ್ಯಾರಿಯರ್, ಅದಕ್ಕೆ ಪಕ್ಕದಲ್ಲಿ ತೂಗುವ ಮಳೆ ತಡೆಯುವ ಚೀಲ, ಒಂಟಿ ಕಾಲಿನ ಸ್ಟ್ಯಾಂಡು, ಹಿಂದೆ ಮಿಣುಕುವ ಕೆಂಪು ದೀಪ, ಮುಂದೆ ಬಿಳಿ ದೀಪ, ಉಕ್ಕಿನ ಬೀಗ, ಹೆಲ್ಮೆಟ್ಟು. ಬೆಲ್ಲನ್ನು ಅಂಗಡಿಯವರು ಸುಮ್ಮನೆ ಕೊಟ್ಟರು. ಚೈನನ್ನು ಪೂರ್ತಿ ಮುಚ್ಚುವ ಕವರು ಮಾತ್ರ ಈ ಬಗೆಯ ಗೇರಿಗೆ ಕೂರುವುದಿಲ್ಲ. ಚೈನ್‌ವೀಲ್‌ನ ಹೊರಗೆ ಬಿಲ್ಲೆಯಂಥ ತಡೆ ಒಂದಿದೆ, ಉಳಿದದ್ದಕ್ಕೆ ಹಳೆಯ ಗುಮಾಸ್ತರ ಕ್ಲಿಪ್ಪೇ ಸೈ.

ಕ್ಯಾರಿಯರ್ ಕೂರಿಸುವಾಗ ಅದರ ಕಾಲಿಗೂ ಮಡ್‌ಗಾರ್ಡಿನ ತಂತಿಗೂ ಒಂದೇ ತೂತಿನ ಜಗಳ ಬಂತು. ಹುಡುಗ ಉದ್ದನೆಯ ತಿರುಪು ಹುಡುಕಿ, ನಡುವೆ ಎರಡು ವಾಷರು ಇಟ್ಟು, ಎರಡನ್ನೂ ಒಂದೇ ಕಡೆ ಬಿಗಿದ. ಸೈಕಲನ್ನು ತಲೆಕೆಳಗು ಮಾಡಿ ಪೆಡಲ್ ಜೋಡಿಸುವ ಗಡ್ಡೆಯ ಅಡಿ ಕೊರೆದಿದ್ದ ಫ್ರೇಮ್ ನಂಬರನ್ನು ಓದಿ ಹೇಳಿದ, ಮಾಲೀಕರು ಬಿಲ್ಲಿನಲ್ಲಿ ಬರೆದರು. ಕಳುವಾದರೆ ಪೊಲೀಸ್ ದೂರಿಗೆ ಬೇಕಾಗುವುದು ಅದು. ಬಹಳ ಅಂಗಡಿಗಳು ಕೇಳಿದ ಹೊರತು ಬರೆಯುವುದಿಲ್ಲ.

"ಒಂದು ತಿಂಗಳು ಓಡ್ಸಿ ತಗೊಂಬನ್ನಿ ಮೇಡಂ. ಹೊಸ ಕೇಬಲ್ ಎಳ್ಕೊಂಡು ಗೇರ್ ತಪ್ಪತ್ತೆ, ಕಡ್ಡಿನೂ ಸಡಿಲ ಆಗಿರ್ತವೆ, ಬಿಗಿ ಮಾಡ್ಬೇಕು. ಅದಕ್ಕೆ ದುಡ್ಡಿಲ್ಲ" ಎಂದು ಹುಡುಗ ಬಿಲ್ಲಿನ ಹಿಂದೆ ತಾರೀಖು ಗೀಚಿ ಕೊಟ್ಟ. "ಭಾನುವಾರ ಮಾತ್ರ ಬರಬೇಡಿ, ಮಕ್ಕಳ ಸೈಕಲ್ ರಶ್ಶು."